ಕಡ್ಡಿ ಕೇಳದೆ ಹೇಳಿಕೊಡಬಾರದು

ರಜೆ ಶುರುವಾದ ಮೊದಲ ಭಾನುವಾರವೇ, ಅದೂ ಎಲ್ಲರೂ ಊಟಕ್ಕೆ ಕೂತ ಹೊತ್ತಿನಲ್ಲೇ, ಆ ಮನೆಯ ಸೊಸೆ ಮಾತು ತೆಗೆದಳು. ಎಲ್ಲರ ತಟ್ಟೆಗೂ ಅನ್ನ ಹಾಕಿ, ಬೇಳೆ ಬಡಿಸಿ, ತಾನೂ ಕೂತು ಒಂದು ತುತ್ತು ನುಂಗಿದ ಮೇಲೆ ಹೇಳಿದಳು.

"ಕಡ್ಡೀನ ಇನ್ನು ಮುಂದೆ ಶಾಲೆಗೆ ಕಳಿಸೋದು ಬೇಡ ಅಂತಿದೀನಿ."

ಕಡ್ಡಿ ಅಂದರೆ ಮಗಳು, ಹತ್ತು ವರ್ಷದವಳು. ಏನು ತಿನ್ನಿಸಿದರೂ ಮೈಗೆ ಹತ್ತದ ಜೀವ ಅಂತ ಅಜ್ಜಿ ಇಟ್ಟ ಹೆಸರು ಅದು. ಶಾಲೆಯ ಹಾಜರಿ ಒಂದನ್ನು ಬಿಟ್ಟರೆ ಬೇರೆಲ್ಲ ಕಡೆ ಅದೇ ಓಡುತ್ತಿತ್ತು. ಈಗ ಅವಳು ಇದ್ಯಾವುದೋ ಪಕ್ಕದ ಮನೆಯ ಸುದ್ದಿ ಅನ್ನುವ ಹಾಗೆ ತಟ್ಟೆಯ ಅನ್ನವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳುತ್ತಾ ಕೂತಿದ್ದಳು.

ಅವಳಪ್ಪ ಸಿಟಿ ಬಸ್ಸಿನ ಡ್ರೈವರ್. ಗಾಬರಿ ಬೀಳುವ ಆಸಾಮಿಯಲ್ಲ. ನೀರು ಕುಡಿದು ಲೋಟ ಕೆಳಗಿಟ್ಟು, "ಕಳಿಸದೆ ಏನು ಮಾಡ್ತೀಯ?" ಅಂದ.

"ಮನೇಲೇ ಕಲೀತಾಳೆ."

"ಯಾರು ಕಲಿಸ್ತಾರೆ?"

"ಯಾರೂ ಕಲಿಸೋದಿಲ್ಲ. ಅವಳೇ ಕಲೀತಾಳೆ."

ಅಲ್ಲಿಗೆ ಟೀಚರಮ್ಮನ ಊಟ ನಿಂತಿತು. ಟೀಚರಮ್ಮ ಅಂದರೆ ಡ್ರೈವರನ ತಾಯಿ. ಪ್ರೈಮರಿ ಶಾಲೆಯಲ್ಲಿ ಬೋರ್ಡು ಬರೆದು ಬರೆದೇ ರಿಟೈರ್ ಆದವರು. ಆ ಬೀದಿಯ ಅರ್ಧಕ್ಕರ್ಧ ಜನ ಚಿಕ್ಕಂದಿನಲ್ಲಿ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು. ಇವತ್ತಿಗೂ ಅವರನ್ನು ಕಂಡರೆ ಸಿಗರೇಟು ಬೆನ್ನ ಹಿಂದೆ ಹೋಗುತ್ತದೆ.

"ಅದು ಹೇಗಮ್ಮ, ಯಾರೂ ಕಲಿಸದೆ ಕಲಿಯೋದು? ನನಗೂ ಸ್ವಲ್ಪ ಹೇಳು, ಈ ವಯಸ್ಸಿಗಾದ್ರೂ ತಿಳ್ಕೊಳ್ತೀನಿ," ಅಂದರು.

"ನಮ್ಮ ಅಂಗಡೀಲಿ ಬಟ್ಟೆ ಕಟಿಂಗ್ ಮಾಡೋ ಅಕ್ಕ ಇದಾರಲ್ಲ ಅತ್ತೆ, ಅವರ ತಂಗಿ ಮನೇಲಿ ಹಾಗೇ ಮಾಡ್ತಿದಾರೆ. ಏನು ಕಲೀಬೇಕು, ಯಾವಾಗ ಕಲೀಬೇಕು ಅಂತ ಮಕ್ಕಳೇ ಹೇಳೋದು. ಕೇಳಿದ್ರೆ ಮಾತ್ರ ದೊಡ್ಡವರು ಹೇಳಿಕೊಡೋದು."

"ಹಾಗಾದ್ರೆ ನಾನು ಅಷ್ಟು ವರ್ಷ ಸೀಮೆಸುಣ್ಣ ತಿಂತಾ ಕೂತಿದ್ನಾ?"

"ನಿಮ್ಮನ್ನ ಅನ್ನಲಿಲ್ಲ ಅತ್ತೆ."

"ಈ ಮನೇಲಿ ಇನ್ಯಾರಿದಾರೆ ಟೀಚರು, ಅನ್ನೋದಕ್ಕೆ?"

ಈ ಸೊಸೆ, ಅಂದರೆ ಕಡ್ಡಿಯ ತಾಯಿ, ಕಿಟಕಿ ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹಾಗೆ ನೋಡಿದರೆ ಜಗಳದ ಹೆಂಗಸಲ್ಲ. ಆದರೆ ಹೋದ ವರ್ಷವೆಲ್ಲ ಬೆಳಗಾದರೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಕಡ್ಡಿ ಎದ್ದು ಹಲ್ಲುಜ್ಜಿ, ಯೂನಿಫಾರ್ಮ್ ಹಾಕಿ, ತಲೆ ಬಾಚಿಸಿಕೊಂಡು, ಒಂದು ಕಾಲಿಗೆ ಶೂ ಹಾಕುವವರೆಗೆ ಎಲ್ಲ ಸರಿ. ಇನ್ನೊಂದು ಶೂ ಕೈಗೆತ್ತಿಕೊಂಡಳೋ, ಹೊಟ್ಟೆ ಹಿಡಿದುಕೊಂಡು ಬಾಗಿಲ ಬಳಿ ಮುದುರಿ ಕೂರುವಳು. ಅಳುವುದಿಲ್ಲ, ಕೂಗುವುದಿಲ್ಲ. ಮುಖ ಮಾತ್ರ ಸುಣ್ಣದ ಹಾಗೆ ಬಿಳಿಚಿಕೊಳ್ಳುತ್ತಿತ್ತು. ಅಂಥ ಮಗುವನ್ನು ಎಬ್ಬಿಸಿ, ಮೆಟ್ಟಿಲಿಳಿಸಿ, ಶಾಲೆಯ ಗೇಟಿನವರೆಗೆ ನಡೆಸಿಕೊಂಡು ಹೋಗುವ ಕರ್ಮ ತಾಯಿಯದು. ಡ್ರೈವರ್ ಅಷ್ಟು ಹೊತ್ತಿಗೆ ಡ್ಯೂಟಿಗೆ ಹೋಗಿಬಿಟ್ಟಿರುತ್ತಿದ್ದ. ಟೀಚರಮ್ಮ, "ನಾಟಕ ಅದು, ಎರಡು ದಿನ ಗದರಿಸು, ಬಿಡ್ತಾಳೆ," ಅನ್ನುತ್ತಿದ್ದರು. ಡಾಕ್ಟರ ಹತ್ತಿರ ತೋರಿಸಿದ್ದೂ ಆಗಿತ್ತು. ರಕ್ತ, ಮೂತ್ರ ಎಲ್ಲ ನೋಡಿ ಏನೂ ಸಿಕ್ಕಲಿಲ್ಲ, ಮನಸ್ಸಿನಲ್ಲಿ ಏನಾದರೂ ಹೆದರಿಕೆ ಇರಬಹುದು ಅಂದಿದ್ದರು. ಹೆದರಿಕೆ ಅಂದಮೇಲೆ ಶಾಲೆಯದ್ದೇ, ಅದರಲ್ಲೇನು ಅನುಮಾನ ಅಂತ ತಾಯಿ ಅವತ್ತೇ ತೀರ್ಮಾನ ಮಾಡಿಬಿಟ್ಟಿದ್ದಳು.

"ಸರಿ, ಒಂದು ಕೆಲಸ ಮಾಡು," ಅಂದ ಡ್ರೈವರ್ ಕೊನೆಗೆ. "ಹೇಗೂ ರಜೆ ಇದೆ. ರಜೇಲಿ ಮಾಡಿ ನೋಡು. ಶಾಲೆ ತೆರೆಯೋವರೆಗೆ ಒಂದು ಸಲಾನೂ ಹೊಟ್ಟೆನೋವು ಬರಲಿಲ್ಲ ಅಂದ್ರೆ ನಿನ್ನ ಮಾತೇ ಆಗಲಿ, ಬಿಡಿಸೋಣ. ಮನೇಲಿದ್ದೂ ಬಂತು ಅಂದ್ರೆ ಶಾಲೇದೇನೂ ತಪ್ಪಿಲ್ಲ ಅಂತಾಯ್ತು. ಆಮೇಲೆ ಮಾತಿಲ್ಲದೆ ಕಳಿಸಬೇಕು."

"ಒಪ್ಪಿದೆ. ಆದ್ರೆ ಕಡ್ಡಿ ಕೇಳದೆ ಯಾರೂ ಏನೂ ಹೇಳಿಕೊಡಬಾರದು. ಅತ್ತೆ, ನಿಮಗೂ ಸೇರಿಸಿ ಹೇಳ್ತಿದೀನಿ."

"ನನಗೇನು ಬೇರೆ ಕೆಲಸ ಇಲ್ವಾ?" ಅಂತ ಟೀಚರಮ್ಮ ಮುಖ ಗಂಟು ಹಾಕಿಕೊಂಡು ಎದ್ದರು.

ಕಡ್ಡಿಯೇ ದಾರಿ ತೋರಿಸಬೇಕಾದ ಈ ಏರ್ಪಾಡಿನ ಬಗ್ಗೆ ಕಡ್ಡಿಯನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ. ಅವಳು ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟಳು.

ತಾಯಿ ಅಂಗಡಿಯವನ ಹತ್ತಿರ ಗೋಗರೆದು, ಮಧ್ಯಾಹ್ನದ ಮೇಲಿನ ಕೆಲಸವನ್ನು ಮನೆಗೇ ತರುವಂತೆ ಮಾಡಿಕೊಂಡಳು. ಸಂಬಳ ಕಮ್ಮಿಯಾಯಿತು, ಡ್ರೈವರ್ ಮೊಟ್ಟೆ ತರುವುದನ್ನು ನಿಲ್ಲಿಸಿ ಬರೀ ಆಲೂಗಡ್ಡೆ ತರತೊಡಗಿದ. ಮುಂದಿನ ರೂಮಿನಲ್ಲಿ ಕಿಟಕಿಯ ಪಕ್ಕ ಹೊಲಿಗೆ ಮಷೀನ್ ಬಂತು, ಅದರ ಸುತ್ತ ಪರದೆ ಬಟ್ಟೆಯ ಸುರುಳಿಗಳು. ಸೋಫಾದ ಮೇಲೆ ಕೂರಬೇಕಾದರೆ ಯಾರದೋ ಮನೆಯ ಹೂವಿನ ಪರದೆ ಎತ್ತಿ ಪಕ್ಕಕ್ಕಿಟ್ಟು ಕೂರಬೇಕು.

ಮೊದಮೊದಲು ಕಡ್ಡಿ ಏನೂ ಮಾಡಲಿಲ್ಲ. ಏನೂ ಅಂದರೆ ಏನೂ ಇಲ್ಲ. ಚೂರು ಬಟ್ಟೆ ತುಂಬಿದ ಚೀಲದ ಮೇಲೆ ಅಂಗಾತ ಬಿದ್ದುಕೊಂಡು ಸೂರು ನೋಡುವುದು, ಹಸಿವಾದರೆ ಬ್ರೆಡ್ ತಿನ್ನುವುದು, ಮತ್ತೆ ಸೂರು.

"ಇವತ್ತೇನು ಪಾಠ ಆಯ್ತಮ್ಮ? ಸೂರಿನ ಶಾಸ್ತ್ರಾನಾ?" ಅನ್ನುವರು ಟೀಚರಮ್ಮ, ಕಾಳು ಆರಿಸುತ್ತಾ.

"ಅತ್ತೆ."

"ನಾನೇನೂ ಹೇಳಿಕೊಡಲಿಲ್ಲಪ್ಪ. ಕೇಳಿದೆ ಅಷ್ಟೇ. ಕೇಳಬಾರದು ಅಂತ ಕರಾರಿಲ್ಲವಲ್ಲ."

ತಾಯಿಗೂ ಒಳಗೊಳಗೇ ದಿಗಿಲು. ಮಷೀನ್ ತುಳಿಯುತ್ತಲೇ ಓರೆಗಣ್ಣಿನಲ್ಲಿ ನೋಡುವಳು, ಇದು ಎದ್ದೀತಾ, ಏನಾದರೂ ಕೇಳೀತಾ ಅಂತ. ಒಂದು ಮಧ್ಯಾಹ್ನ ಕಡ್ಡಿ ಎದ್ದು ಬಂದು ಮಷೀನಿನ ಪಕ್ಕ ನಿಂತಳು.

"ಅಮ್ಮ, ನನ್ನ ಫ್ರಾಕಿಗೆ ಯಾಕೆ ಜೇಬಿಲ್ಲ?"

"ಹುಡುಗೀರ ಬಟ್ಟೆಗೆ ಇಡೋದಿಲ್ಲ."

"ಯಾಕೆ?"

"ಯಾರಿಗ್ಗೊತ್ತು. ಹೊಲಿಯೋರಿಗೆ ಬೇಜಾರು ಅಂತ ಕಾಣುತ್ತೆ."

"ನಾನು ಇಟ್ಕೊಳ್ಳಲಾ?"

ತಾಯಿಯ ಕೈ ಸುಮ್ಮನಿರಲಾರದೆ ತುರಿಸಿತು. ಎಳೆದು ಕೂರಿಸಿಕೊಂಡು ಹೀಗೆ ಹಿಡಿ, ಹೀಗೆ ಚುಚ್ಚು ಅಂತ ತೋರಿಸಬೇಕು ಅನ್ನಿಸಿತು. ಹಲ್ಲು ಕಚ್ಚಿಕೊಂಡು, "ಸೂಜಿ ಅಲ್ಲಿದೆ, ಚೂರು ಬಟ್ಟೆ ಚೀಲದಲ್ಲಿದೆ," ಅಂದು ತನ್ನ ಹೊಲಿಗೆಗೆ ತಿರುಗಿದಳು.

ಮೊದಲನೇ ಜೇಬಿಗೆ ನಾಲ್ಕೂ ಕಡೆ ಹೊಲಿಗೆ ಬಿತ್ತು. ಕಡ್ಡಿ ಕೈ ಹಾಕಲು ಹೋದರೆ ಕೈ ಹೋಗುವುದಕ್ಕೆ ದಾರಿಯೇ ಇಲ್ಲ. ಟೀಚರಮ್ಮ ನಕ್ಕಿದ್ದೇ ನಕ್ಕಿದ್ದು. "ಇದು ಜೇಬಲ್ಲ ಕಣೇ, ತೇಪೆ," ಅಂದರು. ಕಡ್ಡಿಯೂ ನಕ್ಕಳು. ಎಷ್ಟು ದಿನವಾಗಿತ್ತೋ ಅವಳು ಹಾಗೆ ಹಲ್ಲು ಬಿಟ್ಟು ನಕ್ಕು. ಬಿಚ್ಚಿದಳು, ಮತ್ತೆ ಹೊಲಿದಳು, ಮತ್ತೆ ಬಿಚ್ಚಿದಳು. ಒಂದು ವಾರ ಹೋಗುವುದರೊಳಗೆ ಮನೆಯಲ್ಲಿ ಜೇಬಿಲ್ಲದ ವಸ್ತುವೇ ಉಳಿಯಲಿಲ್ಲ. ಅಜ್ಜಿಯ ದಿಂಬಿಗೆ ಕನ್ನಡಕ ಇಡುವ ಜೇಬು, ಬಾಗಿಲ ಪರದೆಗೆ ಬೀಗದ ಕೈಯ ಜೇಬು. ಡ್ರೈವರನ ಟವೆಲ್ಲಿಗೂ ಒಂದು ಬಂತು; ಅವನು ಮುಖ ಒರೆಸಿಕೊಂಡಾಗಲೆಲ್ಲ ಅದರೊಳಗೆ ಮೂಗು ಸಿಕ್ಕಿಕೊಳ್ಳುತ್ತಿತ್ತು.

"ಇದಕ್ಕೇನು ಇಟ್ಕೊಳ್ಳಲಿ?" ಅಂದ ಅವನು.

"ಸೋಪು," ಅಂದಳು ಕಡ್ಡಿ.

ತಾಯಿ ಆ ದಿನಗಳಲ್ಲಿ ಹಗುರಾಗಿ ಓಡಾಡಿದಳು. ಹೊಟ್ಟೆನೋವಿನ ಸುಳಿವೇ ಇಲ್ಲ. ಎಂಥ ಒಳ್ಳೆ ಕೆಲಸ ಮಾಡಿದೆ ನಾನು ಅಂತ ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಅಂಗಡಿಯಲ್ಲಿ ಕಟಿಂಗ್ ಅಕ್ಕ ಕೇಳಿಬಿಟ್ಟಳು, "ಏನು ಕಲಿತಳೇ ನಿನ್ನ ಮಗಳು?"

"ಜೇಬು ಹೊಲಿಯೋದು."

"ಅಷ್ಟೇನಾ? ನಮ್ಮ ತಂಗಿ ಮಗ ಭಿನ್ನರಾಶಿ ಮಾಡ್ತಾನಂತೆ. ತಾನಾಗೇ. ಯಾರೂ ಹೇಳಿಕೊಟ್ಟಿಲ್ಲ."

ಆ ಮಾತು ತಾಯಿಯ ಜೊತೆ ಮನೆಯವರೆಗೂ ಬಂತು. ಇನ್ನು ಅತ್ತೆ ಮುಂದೆ, ಗಂಡನ ಮುಂದೆ ಜೇಬು ತೋರಿಸಿ ಶಾಲೆ ಬಿಡಿಸುವುದುಂಟೇ? ಕಡ್ಡಿ ಆಗ ಕೆಂಪು ಪಟ್ಟಿಯ ಚೂರೊಂದನ್ನು ಮಂಡಿಯ ಮೇಲೆ ಹರಡಿಕೊಂಡು ಕೂತಿದ್ದಳು. ಟೀಚರಮ್ಮ ಮಲಗಿದ್ದರು. ತಾಯಿ ಅಳತೆ ಟೇಪು ತಂದಳು.

"ನೋಡು ಕಡ್ಡಿ, ಇದು ಏಳೂವರೆ ಇಂಚಿದೆ. ಎರಡು ಜೇಬಿಗೆ ಸಮಸಮ ಮಾಡಿದ್ರೆ ಒಂದೊಂದಕ್ಕೆ ಎಷ್ಟು?"

"ಮಡಿಸಿ ಕತ್ತರಿಸ್ತೀನಿ."

"ಅಲ್ಲ, ಮಡಿಸದೆ ಹೇಳು."

"ಮಡಿಸಿದ್ರೆ ಆಗುತ್ತಲ್ಲಮ್ಮ."

"ಆಗುತ್ತೆ, ನನಗೂ ಗೊತ್ತು. ಲೆಕ್ಕ ಹಾಕಿ ಹೇಳು ನೋಡೋಣ. ಏಳರ ಅರ್ಧ ಎಷ್ಟು? ಅದಕ್ಕೆ ಅರ್ಧದ ಅರ್ಧ ಸೇರಿಸು."

ಕಡ್ಡಿ ಕತ್ತರಿ ಕೆಳಗಿಟ್ಟಳು. ಆಮೇಲೆ ಎದ್ದು ಬಚ್ಚಲಿಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ ಅಂತ ತಾಯಿ ಹೋಗಿ ನೋಡಿದರೆ, ಬಕೆಟ್ಟಿನ ಪಕ್ಕ ನೆಲದ ಮೇಲೆ ಮುದುರಿಕೊಂಡು ಎರಡೂ ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದಿದ್ದಾಳೆ. ಮುಖದಲ್ಲಿ ಅದೇ ಬಿಳುಪು.

ಶಾಲೆಯಿಲ್ಲ, ಶೂ ಇಲ್ಲ, ಗೇಟಿಲ್ಲ. ಆದರೂ ನೋವು ಬಂದು ಕೂತಿದೆ. ತಾಯಿ ಮಗುವನ್ನು ಎತ್ತಿಕೊಂಡಳು, ಬಿಸಿನೀರು ಕುಡಿಸಿದಳು, ಹೊಟ್ಟೆ ನೀವಿದಳು. ಮನಸ್ಸಿಗೆ ಮೊದಲು ಬಂದದ್ದು ಮಗಳ ನೋವಲ್ಲ, ಗಂಡನ ಕರಾರು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ಆದರೂ ಬಾಯಿ ತನ್ನ ಪಾಡಿಗೆ ಹೇಳಿಬಿಟ್ಟಿತು, "ಅಪ್ಪನಿಗೆ ಹೇಳಬೇಡ ಪುಟ್ಟಾ. ಅಜ್ಜಿಗೂ ಬೇಡ. ಹೇಳಿದ್ರೆ ಮತ್ತೆ ಶಾಲೆಗೆ ಹಾಕ್ತಾರೆ."

"ಹೇಳಲ್ಲ," ಅಂದಳು ಕಡ್ಡಿ. ಒಂದು ಕ್ಷಣವೂ ಯೋಚಿಸದೆ, ರೂಢಿಯಾದವಳ ಹಾಗೆ ಅಂದಳು. ತಾಯಿ ಆಗ ಅದನ್ನು ಗಮನಕ್ಕೆ ತಂದುಕೊಳ್ಳಲಿಲ್ಲ.

ಆಮೇಲಿನ ದಿನಗಳಲ್ಲಿ ತಾಯಿಗೆ ಊಟ ರುಚಿಸಲಿಲ್ಲ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಮಗಳ ಕೈ ನೋಡುವುದೇ ಕೆಲಸ. ಕೈ ಹೊಟ್ಟೆಯ ಹತ್ತಿರ ಹೋಯಿತೋ, ಇಲ್ಲ ಫ್ರಾಕ್ ಸರಿಮಾಡಿಕೊಂಡಳೋ. ಅಡುಗೆಮನೆಗೆ ಹೋದಾಗ, ಬಂದಾಗ, "ನೋವಿದೆಯಾ?" ಅಂತ ಪಿಸುಗುಟ್ಟುವಳು. "ಇಲ್ಲ," ಅನ್ನುವಳು ಕಡ್ಡಿ. ತುಸು ಹೊತ್ತಿಗೆ ಮತ್ತೆ, "ನೋವಿದೆಯಾ?" "ಇಲ್ಲಮ್ಮ." ಮಷೀನಿನಲ್ಲಿ ದಾರ ಕಿತ್ತು ಹೋಗುತ್ತಿತ್ತು, ಯಾರದೋ ಬೆಡ್‌ರೂಮಿನ ಪರದೆಗೆ ಉಲ್ಟಾ ಹೊಲಿಗೆ ಬಿದ್ದು ಅಂಗಡಿಯವನು ಬೈದ.

ಮನೆಯಲ್ಲಿ ಮಿಕ್ಕವರು ಮಾತ್ರ ಇದ್ದಕ್ಕಿದ್ದಂತೆ ಒಳ್ಳೆಯವರಾಗಿದ್ದರು. ಟೀಚರಮ್ಮ ಕುಟುಕುವುದನ್ನು ಬಿಟ್ಟಿದ್ದರು. ಬೆಳಗ್ಗೆ ಸೊಸೆ ಅಂಗಡಿಗೆ ಹೊರಟರೆ, "ನೀನು ಹೋಗಿ ಬಾರಮ್ಮ, ನಾವಿಬ್ಬರೂ ತರಕಾರಿ ಹೆಚ್ಕೊಂಡಿರ್ತೀವಿ," ಅಂತ ಬೆಣ್ಣೆಯ ಹಾಗೆ ಮಾತಾಡುತ್ತಿದ್ದರು. ಒಂದು ದಿನ ಏನೋ ಮರೆತು ವಾಪಸ್ ಬಂದರೆ ಅಡುಗೆಮನೆ ಬಾಗಿಲಿಗೆ ಒಳಗಿನಿಂದ ಚಿಲಕ. "ಬೆಕ್ಕು ನುಗ್ಗುತ್ತೆ," ಅಂದರು ಟೀಚರಮ್ಮ, ಬಾಗಿಲು ತೆಗೆದು. ಡ್ರೈವರನೂ ಅಷ್ಟೇ. ರಜೆಯಲ್ಲಿ ಮಗು ಮನೆಯಲ್ಲೇ ಕೂತು ಕೊಳೆಯಬಾರದು ಅಂತ ತನ್ನ ಬಸ್ಸಿನಲ್ಲೇ, ತನ್ನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಒಂದು ಟ್ರಿಪ್ ಸುತ್ತಿಸಿಕೊಂಡು ಬಂದ. ದೊಡ್ಡ ಬಿಸ್ಕತ್ತಿನ ಪೊಟ್ಟಣ ಕೊಡಿಸಿದ್ದ. ಕಡ್ಡಿ ಅದನ್ನು ಒಡೆಯದೆ ತಂದು ತಾಯಿಯ ಕೈಗೆ ಕೊಟ್ಟು ಹೋಗಿ ಮಲಗಿದಳು.

"ಸುಸ್ತಾಗಿದೆ ಮಗೂಗೆ," ಅಂದ ಡ್ರೈವರ್, ಶೂ ಬಿಚ್ಚುತ್ತಾ, ತಲೆ ಎತ್ತದೆ.

ಕಡ್ಡಿ ಜೇಬು ಹೊಲಿಯುವುದನ್ನು ಬಿಟ್ಟಿದ್ದಳು. ಯಾಕೆ ಅಂದರೆ, "ಸಾಕು," ಅನ್ನುವಳು. ಮತ್ತೆ ಚೀಲದ ಮೇಲೆ ಬಿದ್ದುಕೊಂಡಳು. ಈ ಸಲ ಸೂರು ನೋಡುತ್ತಿರಲಿಲ್ಲ, ಯಾರು ಬಂದರು, ಯಾರು ಹೋದರು ಅಂತ ಬಾಗಿಲು ನೋಡುತ್ತಿದ್ದಳು.

ಶಾಲೆ ತೆರೆಯುವುದಕ್ಕೆ ಇನ್ನೇನು ಬಂತು ಅನ್ನುವಾಗ ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ತಾಯಿ ಧೈರ್ಯ ತಂದುಕೊಂಡು ಹೇಳಿದಳು, "ರಜೆ ಮುಗೀತಾ ಬಂತು. ಒಂದು ಸಲಾನೂ ನೋವು ಬಂದಿಲ್ಲ. ಮಾತಿಗೆ ತಪ್ಪಬಾರದು ನೀವು."

ಸುಳ್ಳು ಹೇಳಿ ರೂಢಿಯಿಲ್ಲದವಳು. ಕಿವಿ ಬಿಸಿಯಾಯಿತು. ಈಗ ಅತ್ತೆ ಏನಾದರೂ ಕೆದಕುತ್ತಾರೆ, ಗಂಡ ಏನಾದರೂ ಕೇಳುತ್ತಾನೆ ಅಂತ ತುತ್ತು ಹಿಡಿದುಕೊಂಡೇ ಕಾದಳು.

"ಹೌದು, ಬಂದಿಲ್ಲ," ಅಂದ ಡ್ರೈವರ್ ತಟ್ಟೆ ನೋಡುತ್ತಾ.

"ಹ್ಞೂಂ, ಬಂದಿಲ್ಲ," ಅಂದರು ಟೀಚರಮ್ಮ, ಪಲ್ಯದಲ್ಲಿ ಏನೋ ಹುಡುಕುತ್ತಾ. "ನಿನ್ನ ಮಾತೇ ಆಗ್ಲಿ ಬಿಡು."

ಇಷ್ಟು ಸುಲಭವಾಗಿ ಗೆದ್ದೆನಾ ಅಂತ ತಾಯಿಗೆ ನಂಬಿಕೆಯೇ ಬರಲಿಲ್ಲ. ಮಗಳ ಕಡೆ ತಿರುಗಿದಳು. ಕಡ್ಡಿ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು. ಹಾಗೆ ನೋಡುತ್ತಲೇ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು, ಅವಳು ಮುಂದಕ್ಕೆ ಬಾಗಿ ತಿಂದದ್ದನ್ನೆಲ್ಲ ಕಾರಿಕೊಂಡಳು. ಕಾರಿಕೊಂಡ ಮೇಲೂ ನೇರವಾಗಲಿಲ್ಲ. ಮಂಡಿ ಎದೆಗೆ ಸೇರಿಸಿಕೊಂಡು ನೆಲಕ್ಕೆ ಒರಗಿ, ಮೊದಲ ಸಲ, ಗಟ್ಟಿಯಾಗಿ ನರಳಿದಳು.

ಡ್ರೈವರ್ ಕೈ ತೊಳೆಯದೆ ಮಗಳನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಟೀಚರಮ್ಮ ಒಂದು ಕಾಲಿಗೆ ಮಗನ ಚಪ್ಪಲಿ, ಇನ್ನೊಂದಕ್ಕೆ ತಮ್ಮದು ಹಾಕಿಕೊಂಡು ಹಿಂದೆ ಓಡಿದರು. ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಹೊರಟರು. ಕರುಳು ಹೊರಳಿದೆಯೋ, ಏನಾದರೂ ಒಡೆದಿದೆಯೋ, ಅವತ್ತೇ ಹೇಳಿದ್ದರೆ ಹೀಗಾಗುತ್ತಿರಲಿಲ್ಲವೇನೋ ಅಂತ ತಾಯಿ ಒಳಗೇ ಬೇಯುತ್ತಿದ್ದಳು.

ಆಸ್ಪತ್ರೆಯಲ್ಲಿ ಭಾನುವಾರದ ಡ್ಯೂಟಿಯಲ್ಲಿದ್ದವಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಪರದೆ ಎಳೆದ ಮಂಚದ ಮೇಲೆ ಕಡ್ಡಿಯನ್ನು ಮಲಗಿಸಿ, ಹೊಟ್ಟೆಯ ಮೇಲೆ ಅಲ್ಲಲ್ಲಿ ಒತ್ತಿ, ಕಾಲು ಮಡಿಸಿ, ಬಿಡಿಸಿ ನೋಡಿದಳು. ಒಂದು ಇಂಜೆಕ್ಷನ್ ಕೊಟ್ಟು, ನರಳುವುದು ನಿಂತ ಮೇಲೆ ಇವರ ಕಡೆ ತಿರುಗಿದಳು.

"ಮೊದಲೂ ಹೀಗೆ ಬರ್ತಿತ್ತಾ?"

"ಶಾಲೆಗೆ ಹೋಗೋವಾಗ ಬರ್ತಿತ್ತು ಡಾಕ್ಟ್ರೇ," ಅಂದ ಡ್ರೈವರ್. "ಈಗ ರಜೆ."

"ರಜೇಲಿ ಒಂದು ಸಲಾನೂ ಬಂದಿಲ್ವಾ? ಸರಿಯಾಗಿ ಹೇಳಿ, ನನಗೆ ಅದು ಮುಖ್ಯ."

ತಾಯಿ ಗಂಡನ ಮುಖ ನೋಡಲಿಲ್ಲ. "ಒಂದು ಸಲ ಬಂದಿತ್ತು," ಅಂದಳು. "ನಾನು ಯಾರಿಗೂ ಹೇಳಲಿಲ್ಲ."

ಈಗ ಗುಡುಗುತ್ತಾನೆ ಅಂದುಕೊಂಡಳು. ಡ್ರೈವರ್ ಗುಡುಗಲಿಲ್ಲ. ಪೆಚ್ಚಾಗಿ, "ನಿನಗೆ ಹೇಗೆ ಗೊತ್ತಾಯ್ತು? ಅವಳು ಹೇಳಿಬಿಟ್ಲಾ ಬಸ್ಸಿಂದು?" ಅಂದ.

"ಯಾವ ಬಸ್ಸು? ಮನೇಲಿ ಬಂದಿದ್ದು, ಬಚ್ಚಲಲ್ಲಿ."

"ಬಸ್ಸಲ್ಲೂ ಬಂದಿತ್ತಾ?" ಅಂದಳು ಡಾಕ್ಟರಮ್ಮ.

"ಒಂದೇ ಸಲ," ಅಂದ ಡ್ರೈವರ್.

ಗೋಡೆಗೊರಗಿ ನಿಂತಿದ್ದ ಟೀಚರಮ್ಮ ಕೆಮ್ಮಿದರು. ಡಾಕ್ಟರಮ್ಮ ಅವರ ಕಡೆಗೂ ನೋಡಿದಳು. "ನಿಮ್ಮದೂ ಒಂದು ಸಲಾನಾ, ಅಜ್ಜಿ?"

"ಎರಡು," ಅಂದರು ಟೀಚರಮ್ಮ. ಬೀದಿಗೆಲ್ಲ ಕೇಳಿಸುತ್ತಿದ್ದ ಆ ದನಿ ಅವತ್ತು ಎದುರು ನಿಂತವರಿಗೂ ಸರಿಯಾಗಿ ಕೇಳಿಸಲಿಲ್ಲ.

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ಮುಚ್ಚಿ, ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತಳು. "ನೀನೇ ಹೇಳಮ್ಮ. ಯಾವಾಗ ಯಾವಾಗ ಬಂತು?"

ಕಡ್ಡಿ ಅಮ್ಮನನ್ನು ನೋಡಿದಳು. ಅಪ್ಪನನ್ನು ನೋಡಿದಳು. ಅಜ್ಜಿಯನ್ನು ನೋಡಿದಳು. ಆಮೇಲೆ ಡಾಕ್ಟರಮ್ಮನನ್ನು ಕೇಳಿದಳು, "ಯಾವುದನ್ನ ಹೇಳಲಿ? ಅಮ್ಮ ಹೇಳಬೇಡ ಅಂದಿದ್ದಾ, ಅಪ್ಪ ಹೇಳಬೇಡ ಅಂದಿದ್ದಾ, ಅಜ್ಜಿ ಹೇಳಬೇಡ ಅಂದಿದ್ದಾ?"

ತಾಯಿಗೆ ಆ ಕ್ಷಣ ನೆಲ ಬಾಯಿ ಬಿಟ್ಟರೆ ಇಳಿದು ಹೋಗೋಣ ಅನ್ನಿಸಿತು. ಹತ್ತು ವರ್ಷದ ಜೀವ, ಮೂರು ಜನ ದೊಡ್ಡವರ ಗುಟ್ಟನ್ನು ಒಬ್ಬರದು ಇನ್ನೊಬ್ಬರಿಗೆ ತಗುಲದ ಹಾಗೆ ಹೊತ್ತುಕೊಂಡು ರಜೆ ಕಳೆದಿತ್ತು.

"ಎಲ್ಲಾನೂ ಹೇಳು," ಅಂದಳು ಡಾಕ್ಟರಮ್ಮ.

"ಹಾಗಾದ್ರೆ ಇವರು ಆಚೆ ಹೋಗ್ಲಿ."

ಹೋದರು. ಬಾಗಿಲು ಮುಚ್ಚಿಕೊಂಡಿತು. ಕಾರಿಡಾರಿನಲ್ಲಿ ಫಿನಾಯಿಲ್ ವಾಸನೆ, ಉದ್ದಕ್ಕೆ ಪ್ಲಾಸ್ಟಿಕ್ ಕುರ್ಚಿಗಳು. ಮೂವರೂ ಒಂದೊಂದು ಕುರ್ಚಿ ಬಿಟ್ಟು ಕೂತರು.

"ಮಗ್ಗಿ ಹೇಳಿಸ್ತಿದ್ದೆ," ಅಂದರು ಟೀಚರಮ್ಮ ಮೊದಲು, ಯಾರೂ ಕೇಳದೆಯೇ. "ಮಗು ಹಿಂದೆ ಬೀಳುತ್ತಲ್ಲಾ ಅಂತ ನನಗೆ ಭಯ. ತರಕಾರಿ ಹೆಚ್ತಾ ಹೆಚ್ತಾ ಎರಡೇ ಎರಡು ಮಗ್ಗಿ. ಹೊಟ್ಟೆ ಹಿಡ್ಕೊಂಡ್ಲು."

"ಮತ್ತೆ ಯಾಕೆ ಅತ್ತೆ ಹೇಳಲಿಲ್ಲ? ಹೇಳಿದ್ರೆ ನಿಮ್ಮದೇ ಗೆಲುವಿತ್ತು."

"ಯಾವ ಬಾಯಲ್ಲಿ ಹೇಳಲಿ? ಊರ ಮಕ್ಕಳಿಗೆಲ್ಲ ಕಲಿಸಿದವಳು ನಾನು, ನನ್ನ ಮೊಮ್ಮಗಳಿಗೇ ನನ್ನ ಪಾಠದಿಂದ ನೋವು ಬಂತು ಅಂತ ಹೇಳಲಾ? ನೀನು ಹೇಳ್ತಿದ್ದೆಯಾ?"

"ನಾನು ಸ್ಟಾಪ್ ಬಂದಾಗೆಲ್ಲ ಬೋರ್ಡು ಓದಿಸಿದೆ," ಅಂದ ಡ್ರೈವರ್ ನೆಲ ನೋಡುತ್ತಾ. "ಜೋರಾಗಿ ಓದು, ಹಿಂದಿನವರಿಗೂ ಕೇಳಲಿ ಅಂದೆ. ನಗೋಕೆ ಅಂತ ಅಂದಿದ್ದು. ಬಸ್ಸಲ್ಲಿ ನಾಲ್ಕು ಜನ ತಿರುಗಿ ನೋಡಿದ್ರು. ಆಮೇಲೆ ಅವಳು ಸೀಟಿನ ಕೆಳಗೆ ಕೂತ್ಕೊಂಡ್ಲು. ನಾನು ಬಸ್ ನಿಲ್ಲಿಸೋ ಹಾಗೂ ಇರಲಿಲ್ಲ ಕಣೇ. ಕನ್ನಡೀಲಿ ನೋಡ್ತಾನೇ ಓಡಿಸಿದೆ."

ಬೈಯುವ ಹಕ್ಕು ತಾಯಿಗೆಲ್ಲಿತ್ತು? ಅವಳು ಟೇಪು ಹಿಡಿದು ನಿಂತದ್ದಾದರೂ ಬೇರೆಯೇನು? ವರ್ಷವಿಡೀ ಶಾಲೆಯನ್ನು ಬೈದಿದ್ದಳು. ಶಾಲೆಯಲ್ಲೂ ಏನಿತ್ತೋ, ಇರಲಿಲ್ಲವೆಂದಲ್ಲ. ಆದರೆ ಅಲ್ಲಿ ಏನಾಗುತ್ತೆ ಅಂತ ಒಂದು ದಿನವಾದರೂ ಮಗಳನ್ನು ಕೂರಿಸಿಕೊಂಡು ಕೇಳಿದ್ದಳೇ? ನೋವಿದೆಯಾ ಅಂತ ಕೇಳಿದ್ದಳು, ಇಲ್ಲ ಅನ್ನಿಸಿಕೊಳ್ಳುವುದಕ್ಕಾಗಿ.

ಬಾಗಿಲಾಚೆಯಿಂದ ಕಡ್ಡಿಯ ದನಿ ಕೇಳಿಸುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ, ದನಿ ಮಾತ್ರ. ನಿಲ್ಲದೆ ಹೋಗುತ್ತಲೇ ಇತ್ತು. ಮನೆಯಲ್ಲಿ ಅಷ್ಟು ಉದ್ದ ಮಾತಾಡಿದ್ದನ್ನು ಅವರು ಯಾರೂ ಕೇಳಿರಲಿಲ್ಲ. ಟೀಚರಮ್ಮ ಮೆಲ್ಲಗೆ ಎದ್ದು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟರು. ತಾಯಿ ಅವರ ಕೈ ಹಿಡಿದು ಎಳೆದು ಕೂರಿಸಿದಳು. ಅತ್ತೆಯ ಕೈ ತಣ್ಣಗಿತ್ತು. ಬಿಡಲಿಲ್ಲ, ಹಾಗೇ ಹಿಡಿದುಕೊಂಡಳು.

ಎಷ್ಟೋ ಹೊತ್ತಿನ ಮೇಲೆ ಡಾಕ್ಟರಮ್ಮ ಆಚೆ ಬಂದಳು.

"ಸದ್ಯಕ್ಕೆ ಭಯ ಪಡೋ ಅಂಥದ್ದೇನೂ ಕಾಣ್ತಿಲ್ಲ. ನಾಳೆ ಖಾಲಿ ಹೊಟ್ಟೇಲಿ ಕರ್ಕೊಂಡು ಬನ್ನಿ, ಸ್ಕ್ಯಾನ್ ಮಾಡಿ ನೋಡಿಬಿಡೋಣ. ಮಕ್ಕಳ ಜೊತೆ ಮಾತಾಡೋ ಡಾಕ್ಟರ್ ಒಬ್ಬರು ಇಲ್ಲಿಗೆ ಬರ್ತಾರೆ, ಅವರ ಹತ್ರಾನೂ ಕಳಿಸ್ತೀನಿ."

"ಏನು ಹೇಳಿದ್ಲು ಡಾಕ್ಟ್ರೇ?" ಅಂದಳು ತಾಯಿ.

"ಅದನ್ನ ನಾನು ಹೇಳೋದಿಲ್ಲ. ಅವಳು ಬೇಡ ಅಂದಿದಾಳೆ."

"ನಾನು ಅವಳ ತಾಯಿ."

"ಗೊತ್ತು. ಅಪಾಯ ಏನಾದ್ರೂ ಇದ್ದಿದ್ರೆ ಖಂಡಿತ ಹೇಳ್ತಿದ್ದೆ. ಅವಳೇ ಹೇಳ್ತಾಳಂತೆ, ಸ್ವಲ್ಪ ಕಾಯಬೇಕಂತೆ."

ತಾಯಿಗೆ ಕಣ್ಣಲ್ಲಿ ನೀರು ತುಂಬಿಕೊಂಡಿತು. ತನ್ನ ಮಗಳ ಒಳಗೆ ಏನಿದೆ ಅಂತ ಇವತ್ತಷ್ಟೇ ಮುಖ ಕಂಡ ಈ ಡಾಕ್ಟರ್ ಹುಡುಗಿಗೆ ಗೊತ್ತು, ತನಗೆ ಗೊತ್ತಿಲ್ಲ. ಹೊಟ್ಟೆಕಿಚ್ಚೂ ಆಯಿತು, ನಾಚಿಕೆಯೂ ಆಯಿತು. ತಲೆಯಾಡಿಸಿ ಒಳಗೆ ಹೋಗಿ ಮಗಳ ಚಪ್ಪಲಿ ಹುಡುಕಿದಳು. ಚಪ್ಪಲಿ ತರುವುದನ್ನೇ ಮರೆತಿದ್ದರು.

ಡ್ರೈವರ್ ಮುಂದೆ ಹೋಗಿ ಟ್ಯಾಕ್ಸಿ ನಿಲ್ಲಿಸಿದ. ಕಡ್ಡಿ ಬರಿಗಾಲಲ್ಲಿ ಅಮ್ಮನ ಕೈ ಹಿಡಿದು ಆಸ್ಪತ್ರೆಯ ಮೆಟ್ಟಿಲವರೆಗೆ ನಡೆದುಕೊಂಡು ಬಂದಳು. ಟೀಚರಮ್ಮ ಹಿಂದೆಯೇ ಬಂದರು, ಡ್ರೈವರ್ ವಾಪಸ್ ಮೆಟ್ಟಿಲ ಬಳಿಗೆ ಬಂದ.

"ಶಾಲೆ ವಿಷಯ—" ಅಂತ ಶುರುಮಾಡಿದ ಡ್ರೈವರ್.

"ಅದು ನಂಗಿನ್ನೂ ಗೊತ್ತಿಲ್ಲಪ್ಪ," ಅಂದಳು ಕಡ್ಡಿ. "ಗೊತ್ತಾದ್ರೆ ಹೇಳ್ತೀನಿ."

"ಆಯ್ತು," ಅಂದ ಅವನು.

ಮೊದಲ ಮೆಟ್ಟಿಲಿಳಿಯುವಾಗ ಅಮ್ಮನ ಕೈ ಮೇಲೆ ಕಡ್ಡಿಯ ಹಿಡಿತ ಬಿಗಿಯಾಯಿತು. ತಾಯಿ ನಿಂತಳು. ಕೇಳಲೋ ಬೇಡವೋ ಅಂತ ಹಿಂದೆ ಮುಂದೆ ನೋಡಿದಳು. ಪಿಸುಗುಟ್ಟಲಿಲ್ಲ, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು.

"ನೋವಿದೆಯಾ?"

ಕಡ್ಡಿ ಅಪ್ಪನ ಕಡೆ ನೋಡಿದಳು, ಅಜ್ಜಿಯ ಕಡೆ ನೋಡಿದಳು. ಇಬ್ಬರೂ ಅವಳನ್ನೇ ನೋಡುತ್ತಿದ್ದರು.

"ಇದೆ," ಅಂದಳು.

"ಜಾಸ್ತಿನಾ?" ಅಂದ ಡ್ರೈವರ್.

"ಸ್ವಲ್ಪ. ಸ್ವಲ್ಪ ಹೊತ್ತು ಇರುತ್ತೆ, ಆಮೇಲೆ ಹೋಗುತ್ತೆ."

ಟೀಚರಮ್ಮ ಆ ಮೆಟ್ಟಿಲ ಮೇಲೆಯೇ ಕೂತು, ಪಕ್ಕದ ಜಾಗವನ್ನು ಕೈಯಿಂದ ಒರೆಸಿದರು. ಕಡ್ಡಿ ಅಲ್ಲಿ ಕೂತಳು. ಅವಳ ಇನ್ನೊಂದು ಕಡೆ ತಾಯಿ ಕೂತಳು, ಕೆಳಗಿನ ಮೆಟ್ಟಿಲಲ್ಲಿ ಡ್ರೈವರ್. ಬರುವವರು ಹೋಗುವವರು ಇವರನ್ನು ಬಳಸಿಕೊಂಡು ಹತ್ತಿ ಇಳಿಯುತ್ತಿದ್ದರು. ಟ್ಯಾಕ್ಸಿಯವನು ಹಾರ್ನ್ ಹೊಡೆದು ನೋಡಿ, ಬೇರೆ ಗಿರಾಕಿ ಹತ್ತಿಸಿಕೊಂಡು ಹೊರಟು ಹೋದ. ಇವರು ನೋವು ಇಳಿಯುವವರೆಗೂ ಅಲ್ಲೇ ಕೂತಿದ್ದರು.